ಕೆಮ್ಮಿನ ಸಿರಪ್, ಒಬ್ಬ ಸೆನೆಟರ್ ಮತ್ತು ಆನ್ ಆರ್ಬರ್‌ನ ಕಾಗದಪತ್ರಗಳು

2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಿಂದ ಬಂದ ಸುದ್ದಿ ನೆನಪಿದೆ ಅಲ್ವಾ? ಕೆಮ್ಮು, ಜ್ವರ ಅಂತ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. 20ಕ್ಕೂ ಹೆಚ್ಚು ಮಕ್ಕಳು. ಆ ಸಿರಪ್ ತಯಾರಾಗಿದ್ದು ತಮಿಳುನಾಡಿನಲ್ಲಿ. ಅಲ್ಲಿಯ ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಇರಬಹುದಾದ ಮಿತಿ ಶೇ 0.1 ಮಾತ್ರ.

ಆ ವಿಷದ ಹೆಸರು ನಮಗೆ ಹೊಸದಾಗಿ ಕೇಳಿಸಿರಬಹುದು, ಆದರೆ 1937ರಲ್ಲಿ ಅಮೆರಿಕದಲ್ಲಿ ಇದೇ ವಿಷ, ಇದೇ ರೀತಿ ಸಿಹಿ ಔಷಧಿಯ ಬಾಟಲಿಯಲ್ಲಿ ಬಂದು 100ಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಅದಾದ ಮೇಲೆ ಅಲ್ಲಿ ಬಂದ ಕಾನೂನು, "ಔಷಧಿ ಸುರಕ್ಷಿತ ಅಂತ ಮೊದಲು ತೋರಿಸಿ, ಆಮೇಲೆ ಮಾರಿ" ಎಂದು ಹೇಳಿತು. ಆ ಕಾನೂನನ್ನು ಐದು ವರ್ಷ ಹೊತ್ತು ತಿರುಗಿದವರು ರಾಯಲ್ ಸ್ಯಾಮ್ಯುಯೆಲ್ ಕೋಪ್‌ಲ್ಯಾಂಡ್ ಅನ್ನುವ ಸೆನೆಟರ್. ಅವರ ಕಾಗದಪತ್ರಗಳು ಇವತ್ತಿಗೂ ಮಿಷಿಗನ್ ರಾಜ್ಯದ ಒಂದು ಲೈಬ್ರರಿಯಲ್ಲಿ ಇವೆ. ಈ ಮನುಷ್ಯ ಯಾರು, ಆ ಕಾನೂನು ಹೇಗೆ ಹುಟ್ಟಿತು, ಅವರ ಕಾಗದಪತ್ರ ಅಂದರೆ ಏನು, ಅದು ಯಾಕೆ ಬೇಕು ಅನ್ನುವುದನ್ನು ಬುಡದಿಂದ ನೋಡೋಣ.

ಸೆನೆಟರ್ ಅಂದರೆ ಯಾರು?

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದರಲ್ಲಿ ಎರಡು ಮನೆ. ಒಂದು ಪ್ರತಿನಿಧಿ ಸಭೆ, ಇನ್ನೊಂದು ಸೆನೆಟ್. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ, ಸೆನೆಟ್‌ಗೆ ಇಬ್ಬರೇ. ಅವಧಿ ಆರು ವರ್ಷ. ಕೋಪ್‌ಲ್ಯಾಂಡ್ ಕಾಲದಲ್ಲಿ 48 ರಾಜ್ಯ ಇದ್ದವು, ಹಾಗಾಗಿ 96 ಸೆನೆಟರ್‌ಗಳು.

1913ರ ತನಕ ಸೆನೆಟರ್‌ಗಳನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ. ನಮ್ಮ ರಾಜ್ಯಸಭೆಗೆ ಶಾಸಕರು ವೋಟು ಹಾಕುತ್ತಾರಲ್ಲ, ಹಾಗೆ ರಾಜ್ಯದ ಶಾಸನಸಭೆಯವರು ಆರಿಸುತ್ತಿದ್ದರು. 1913ರಲ್ಲಿ ಸಂವಿಧಾನಕ್ಕೆ 17ನೇ ತಿದ್ದುಪಡಿ ಬಂತು, ವೋಟು ಜನರ ಕೈಗೆ ಹೋಯಿತು. ಇದು ನಮ್ಮ ಕಥೆಗೆ ಮುಖ್ಯ. ಯಾಕೆಂದರೆ ಕೋಪ್‌ಲ್ಯಾಂಡ್ ಪಕ್ಷದೊಳಗೆ ಮೆಲ್ಲಗೆ ಮೇಲೆ ಬಂದ ರಾಜಕಾರಣಿ ಅಲ್ಲ. ಊರಿಗೆಲ್ಲ ಗೊತ್ತಿದ್ದ ಡಾಕ್ಟರ್. ಪೇಪರಿನಲ್ಲಿ ಆರೋಗ್ಯದ ಅಂಕಣ ಬರೆಯುತ್ತಿದ್ದವರು. ಜನ ನೇರವಾಗಿ ವೋಟು ಹಾಕುವ ಕಾಲದಲ್ಲಿ ಅಂಥ ಹೆಸರಿಗೆ ಬೆಲೆ ಜಾಸ್ತಿ.

ಕಣ್ಣು, ಕಿವಿಯ ಡಾಕ್ಟರ್ ರಾಜಕೀಯಕ್ಕೆ ಬಂದದ್ದು

ಕೋಪ್‌ಲ್ಯಾಂಡ್ ಹುಟ್ಟಿದ್ದು 1868ರಲ್ಲಿ, ಮಿಷಿಗನ್‌ನ ಡೆಕ್ಸ್‌ಟರ್ ಎಂಬ ಚಿಕ್ಕ ಊರಿನಲ್ಲಿ. 1889ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಹೋಮಿಯೋಪತಿ ಡಾಕ್ಟರ್ ಆದರು. ಹೌದು, ಆಗ ಆ ದೊಡ್ಡ ವಿಶ್ವವಿದ್ಯಾಲಯದಲ್ಲೇ ಹೋಮಿಯೋಪತಿ ಕಾಲೇಜು ಇತ್ತು. ಆಮೇಲೆ ಅಲ್ಲೇ ಕಣ್ಣು ಮತ್ತು ಕಿವಿ ಚಿಕಿತ್ಸೆಯ ಪ್ರೊಫೆಸರ್ ಆದರು. 1901ರಿಂದ 1903ರವರೆಗೆ ಆನ್ ಆರ್ಬರ್ ಊರಿನ ಮೇಯರ್. ಆಗ ಅವರು ರಿಪಬ್ಲಿಕನ್ ಪಕ್ಷದವರು.

1908ರಲ್ಲಿ ನ್ಯೂಯಾರ್ಕ್‌ನ ಹೋಮಿಯೋಪತಿ ಕಾಲೇಜಿಗೆ ಡೀನ್ ಆಗಿ ಹೋದರು. 1918ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಕಮಿಷನರ್ ಆದರು. ಕುರ್ಚಿಯಲ್ಲಿ ಕೂತು ಕೆಲವೇ ತಿಂಗಳಲ್ಲಿ ಆ ಭಯಂಕರ ಇನ್‌ಫ್ಲುಯೆಂಜಾ ಬಂತು.

ಬೇರೆ ಎಷ್ಟೋ ನಗರಗಳು ಶಾಲೆ ಮುಚ್ಚಿದವು. ಕೋಪ್‌ಲ್ಯಾಂಡ್ ಮುಚ್ಚಲಿಲ್ಲ. ಅವರ ಲೆಕ್ಕ ಹೀಗಿತ್ತು: ನ್ಯೂಯಾರ್ಕ್‌ನ ಸುಮಾರು 10 ಲಕ್ಷ ಶಾಲಾಮಕ್ಕಳಲ್ಲಿ ಹೆಚ್ಚಿನವರು ಇರುವುದು ಗಾಳಿ ಬೆಳಕು ಇಲ್ಲದ, ಕಿಕ್ಕಿರಿದ ವಠಾರಗಳಲ್ಲಿ. ಅಲ್ಲಿಗಿಂತ ಶಾಲೆ ವಾಸಿ. ಶಾಲೆಯಲ್ಲಿ ದಿನಾ ಟೀಚರ್, ನರ್ಸ್ ಮಗುವನ್ನು ನೋಡುತ್ತಾರೆ, ಜ್ವರ ಬಂದರೆ ತಕ್ಷಣ ಗೊತ್ತಾಗುತ್ತದೆ. ಜೊತೆಗೆ ಅಂಗಡಿ, ಆಫೀಸು, ಥಿಯೇಟರ್‌ಗಳು ಬೇರೆ ಬೇರೆ ಹೊತ್ತಿಗೆ ತೆರೆದು ಮುಚ್ಚುವಂತೆ ಆದೇಶ ಮಾಡಿದರು, ಟ್ರೈನಿನಲ್ಲಿ ಎಲ್ಲರೂ ಒಂದೇ ಸಲ ನುಗ್ಗಬಾರದು ಅಂತ. ನಗರದಲ್ಲಿ 20 ಸಾವಿರಕ್ಕೂ ಹೆಚ್ಚು ಜನ ಸತ್ತರು. ಆದರೂ ಜನಸಂಖ್ಯೆಗೆ ಹೋಲಿಸಿದರೆ ಬಾಸ್ಟನ್, ಫಿಲಡೆಲ್ಫಿಯಾಗಳಿಗಿಂತ ಸಾವು ಕಡಿಮೆ. ಅದಕ್ಕೆ ಅವರ ಕ್ರಮಗಳು ಎಷ್ಟು ಕಾರಣ ಅನ್ನುವ ಚರ್ಚೆ ಬೇರೆ. ಕೋವಿಡ್ ಸಮಯದಲ್ಲಿ ಶಾಲೆ ತೆರೆಯಬೇಕೋ ಬೇಡವೋ ಅಂತ ನಾವೆಲ್ಲ ಜಗಳ ಆಡಿದ್ದೇವಲ್ಲ, ಆ ಪ್ರಶ್ನೆಯನ್ನು ಈ ಮನುಷ್ಯ ನೂರು ವರ್ಷ ಹಿಂದೆ ಎದುರಿಸಿದ್ದರು.

1922ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ನ್ಯೂಯಾರ್ಕ್‌ನ ಸೆನೆಟರ್ ಆಗಿ ಗೆದ್ದರು. 1928ರಲ್ಲೂ 1934ರಲ್ಲೂ ಗೆದ್ದರು. ದಿನಾ ಕೋಟಿನ ಮೇಲೆ ಕೆಂಪು ಕಾರ್ನೇಷನ್ ಹೂವು ಸಿಕ್ಕಿಸಿಕೊಂಡು ಬರುತ್ತಿದ್ದರು.

ಹಳೆ ಕಾನೂನಿನಲ್ಲಿ ತೂತು ಎಲ್ಲಿತ್ತು?

ಅಮೆರಿಕದಲ್ಲಿ 1906ರಲ್ಲೇ ಆಹಾರ ಮತ್ತು ಔಷಧಿಗೆ ಒಂದು ಕಾನೂನು ಬಂದಿತ್ತು. ಆದರೆ ಅದು ಲೇಬಲ್ ಕಾನೂನು. ಬಾಟಲಿ ಮೇಲೆ ಬರೆದಿದ್ದಕ್ಕೂ ಒಳಗಿರುವುದಕ್ಕೂ ತಾಳೆ ಆಗಬೇಕು, ಅಷ್ಟೇ. ಒಳಗಿರುವುದು ಕುಡಿದರೆ ಏನಾಗುತ್ತದೆ ಅಂತ ಮೊದಲೇ ಪರೀಕ್ಷಿಸು ಎಂದು ಅದು ಕೇಳುತ್ತಿರಲಿಲ್ಲ.

ಆ ಲೇಬಲ್ ಭಾಗದಲ್ಲೂ ದೊಡ್ಡ ತೂತು ಇತ್ತು. ಒಬ್ಬ ಡಾಕ್ಟರ್ ಕ್ಯಾನ್ಸರ್ ಗುಣ ಮಾಡುತ್ತೇನೆ ಎಂದು ಔಷಧಿ ಮಾರುತ್ತಿದ್ದ. ಸರ್ಕಾರ ಕೇಸು ಹಾಕಿತು. 1911ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನು ಗೊತ್ತಾ? ಒಳಗೆ ಏನಿದೆ ಎಂಬ ಬಗ್ಗೆ ಸುಳ್ಳು ಹೇಳಿದರೆ ತಪ್ಪು. ಯಾವ ಕಾಯಿಲೆ ಗುಣವಾಗುತ್ತದೆ ಎಂಬ ಬಗ್ಗೆ ಸುಳ್ಳು ಹೇಳಿದರೆ ಅದು ಈ ಕಾನೂನಿಗೆ ಬರುವುದಿಲ್ಲ. ಮರುವರ್ಷ ಕಾಂಗ್ರೆಸ್ ತಿದ್ದುಪಡಿ ತಂದಿತು. ಆದರೆ ಅದರಲ್ಲಿ "ಮೋಸ ಮಾಡುವ ಉದ್ದೇಶ ಇತ್ತು" ಅಂತ ಸರ್ಕಾರವೇ ಸಾಬೀತು ಮಾಡಬೇಕಿತ್ತು. "ನನಗೆ ನನ್ನ ಔಷಧಿ ಮೇಲೆ ನಿಜವಾಗಲೂ ನಂಬಿಕೆ ಇತ್ತು ಸ್ವಾಮಿ" ಅಂದುಬಿಟ್ಟರೆ ಮುಗಿಯಿತು. ಅವನ ಮನಸ್ಸಿನೊಳಗೆ ಹೋಗಿ ನೋಡುವವರು ಯಾರು?

ಸೌಂದರ್ಯವರ್ಧಕಗಳಂತೂ ಆ ಕಾನೂನಿನಲ್ಲಿ ಇರಲೇ ಇಲ್ಲ. ರೆಪ್ಪೆಗೂದಲಿಗೆ ಹಚ್ಚುವ ಬಣ್ಣದಿಂದ ಹೆಂಗಸರು ಕಣ್ಣು ಕಳೆದುಕೊಂಡರು. ಬೇಡದ ಕೂದಲು ತೆಗೆಯುವ ಕ್ರೀಮಿನಲ್ಲಿ ಇಲಿ ಪಾಷಾಣಕ್ಕೆ ಬಳಸುವ ಥ್ಯಾಲಿಯಮ್ ಇತ್ತು. ಶಕ್ತಿ ಬರುತ್ತದೆ ಎಂದು ರೇಡಿಯಮ್ ಬೆರೆಸಿದ ನೀರು ಮಾರುತ್ತಿದ್ದರು. ಆಹಾರ ಮತ್ತು ಔಷಧಿ ಇಲಾಖೆ, ಅಂದರೆ ಈಗ ನಾವು ಎಫ್‌ಡಿಎ ಅನ್ನುವುದು, 1933ರಲ್ಲಿ ಇಂಥ ಬಾಟಲಿ, ಡಬ್ಬ, ಫೋಟೊಗಳನ್ನೆಲ್ಲ ಒಂದು ಕಡೆ ಜೋಡಿಸಿ ಪ್ರದರ್ಶನ ಮಾಡಿತು. ನೋಡಿದವರು ಬೆಚ್ಚಿಬಿದ್ದರು. ಪತ್ರಿಕೆಯವರು ಅದನ್ನು "ಭಯಾನಕ ಕೋಣೆ" ಎಂದು ಕರೆದರು.

ಐದು ವರ್ಷದ ಎಳೆದಾಟ

1933ರ ಜೂನ್‌ನಲ್ಲಿ ಹೊಸ ಮಸೂದೆಯನ್ನು ಸೆನೆಟ್‌ನಲ್ಲಿ ಮಂಡಿಸಿದವರು ಕೋಪ್‌ಲ್ಯಾಂಡ್. ಮಸೂದೆ ಸಿದ್ಧವಾಗಿದ್ದು ಕೃಷಿ ಇಲಾಖೆಯಲ್ಲಿ, ಯಾಕೆಂದರೆ ಆಗ ಎಫ್‌ಡಿಎ ಆ ಇಲಾಖೆಯ ಕೆಳಗೆ ಇತ್ತು. ಅದರ ಹಿಂದೆ ಇದ್ದವರು ರೆಕ್ಸ್‌ಫರ್ಡ್ ಟಗ್‌ವೆಲ್ ಎಂಬ ಸಹಾಯಕ ಕಾರ್ಯದರ್ಶಿ. ಅವರನ್ನು ಕಂಡರೆ ಉದ್ಯಮದವರಿಗೆ ಆಗುತ್ತಿರಲಿಲ್ಲ.

ಔಷಧಿ ಕಂಪನಿಗಳು ವಿರೋಧಿಸಿದವು, ಇದು ಊಹಿಸಬಹುದಾದ್ದೇ. ಪತ್ರಿಕೆಗಳೂ ಉತ್ಸಾಹ ತೋರಲಿಲ್ಲ. ಅವುಗಳ ಆದಾಯದಲ್ಲಿ ದೊಡ್ಡ ಪಾಲು ಇದೇ ಔಷಧಿಗಳ ಜಾಹೀರಾತಿನಿಂದ ಬರುತ್ತಿತ್ತು, ಮಸೂದೆ ಸುಳ್ಳು ಜಾಹೀರಾತಿಗೂ ಕೈ ಹಾಕಿತ್ತು. ಇದನ್ನು ಜೀವಂತ ಇಟ್ಟವರಲ್ಲಿ ಮಹಿಳಾ ಸಂಘಟನೆಗಳ ಪಾತ್ರ ದೊಡ್ಡದು. ಆ ಹೆಂಗಸರ ಶ್ರಮ ಈ ಕಥೆಯಲ್ಲಿ ಎಷ್ಟೋ ಸಲ ಬಿಟ್ಟುಹೋಗುತ್ತದೆ, ಅದು ಸರಿಯಲ್ಲ.

ಕೋಪ್‌ಲ್ಯಾಂಡ್ ಮಸೂದೆಯನ್ನು ಮತ್ತೆ ಮತ್ತೆ ತಿದ್ದಿ ಬರೆದರು. ಪ್ರತಿ ಸಲವೂ ಒಂದಿಷ್ಟು ಹಲ್ಲು ಉದುರಿತು. ಅವರ ಮೇಲೆ ಎರಡೂ ಕಡೆಯಿಂದ ಟೀಕೆ ಬಂತು. ಗ್ರಾಹಕರ ಪರ ಇದ್ದವರು, ಇವರೇ ಕಂಪನಿಗಳ ಪ್ರಾಯೋಜಕತ್ವದಲ್ಲಿ ರೇಡಿಯೊ ಭಾಷಣ ಮಾಡುತ್ತಾರೆ, ಇವರನ್ನು ನಂಬುವುದು ಹೇಗೆ ಎಂದರು. ಇತ್ತ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಜೊತೆಗಿನ ಸಂಬಂಧವೂ ಹಳಸಿತ್ತು. 1922ರ ಚುನಾವಣೆಯಲ್ಲಿ ಕೋಪ್‌ಲ್ಯಾಂಡ್ ಪರ ನಿಂತಿದ್ದವರೇ ರೂಸ್‌ವೆಲ್ಟ್. ಆದರೆ 1937ರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಾಧೀಶರ ಸಂಖ್ಯೆ ಹೆಚ್ಚಿಸುವ ರೂಸ್‌ವೆಲ್ಟ್ ಯೋಜನೆಯನ್ನು ಕೋಪ್‌ಲ್ಯಾಂಡ್ ವಿರೋಧಿಸಿದರು. ಸೆನೆಟ್ 1935ರಲ್ಲೂ 1937ರಲ್ಲೂ ಮಸೂದೆಯನ್ನು ಪಾಸು ಮಾಡಿತು. ಇನ್ನೊಂದು ಮನೆಯಲ್ಲಿ ಅದು ಸಿಕ್ಕಿಹಾಕಿಕೊಂಡಿತು.

1937ರ ಆ ಸಿಹಿ ಔಷಧಿ

ಆಗಿನ್ನೂ ಪೆನಿಸಿಲಿನ್ ಬಳಕೆಗೆ ಬಂದಿರಲಿಲ್ಲ. ಗಂಟಲು ನೋವು, ಸೋಂಕುಗಳಿಗೆ ಸಲ್ಫನಿಲಮೈಡ್ ಎಂಬ ಔಷಧಿ ಹೊಸದಾಗಿ ಬಂದಿತ್ತು, ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆದರೆ ಅದು ಮಾತ್ರೆ ಅಥವಾ ಪುಡಿ. ಮಕ್ಕಳಿಗೆ ಕೊಡಲು ದ್ರವ ಬೇಕು. ಅದನ್ನು ಕರಗಿಸುವುದೇ ಕಷ್ಟವಾಗಿತ್ತು.

ಟೆನೆಸಿ ರಾಜ್ಯದ ಬ್ರಿಸ್ಟಲ್‌ನಲ್ಲಿದ್ದ ಎಸ್.ಇ. ಮ್ಯಾಸೆನ್‌ಗಿಲ್ ಕಂಪನಿಯ ರಸಾಯನಶಾಸ್ತ್ರಜ್ಞ ಒಂದು ದಾರಿ ಕಂಡುಕೊಂಡ. ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಅದು ಸಲೀಸಾಗಿ ಕರಗುತ್ತಿತ್ತು. ರುಚಿಯೂ ಸಿಹಿ. ರಾಸ್ಪ್‌ಬೆರಿ ಪರಿಮಳ ಸೇರಿಸಿದರು. ಕಂಪನಿಯವರು ಬಣ್ಣ, ರುಚಿ, ವಾಸನೆ ನೋಡಿದರು. ವಿಷವೋ ಅಲ್ಲವೋ ಅಂತ ಮಾತ್ರ ನೋಡಲಿಲ್ಲ. ನೋಡಬೇಕು ಅಂತ ಕಾನೂನೂ ಹೇಳುತ್ತಿರಲಿಲ್ಲ. ಒಂದೇ ಒಂದು ಇಲಿಗೆ ಕುಡಿಸಿದ್ದರೂ ಗೊತ್ತಾಗುತ್ತಿತ್ತು.

240 ಗ್ಯಾಲನ್, ಅಂದರೆ ಸುಮಾರು 900 ಲೀಟರ್ ತಯಾರಾಗಿ 1937ರ ಸೆಪ್ಟೆಂಬರ್‌ನಲ್ಲಿ ದೇಶದ ತುಂಬ ಹೋಯಿತು. ಅಕ್ಟೋಬರ್‌ನಲ್ಲಿ ಓಕ್ಲಹೋಮದ ಟಲ್ಸಾದಿಂದ ಸಾವಿನ ಸುದ್ದಿ ಬಂತು. ಡೈಎಥಿಲೀನ್ ಗ್ಲೈಕಾಲ್ ಹೊಟ್ಟೆಗೆ ಹೋದರೆ ಕಿಡ್ನಿ ಕೆಲಸ ನಿಲ್ಲಿಸುತ್ತದೆ. ಮೂತ್ರ ನಿಂತುಹೋಗುತ್ತದೆ, ವಾಂತಿ, ಹೊಟ್ಟೆನೋವು, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಛಿಂದ್ವಾಡಾದ ತಂದೆತಾಯಿ "ಮಗು ಮೂತ್ರ ಮಾಡುತ್ತಿಲ್ಲ" ಅಂತ ಆಸ್ಪತ್ರೆಗೆ ಓಡಿದ್ದೂ ಇದಕ್ಕೇ. 1937ರಲ್ಲಿ ಅಮೆರಿಕದ 15 ರಾಜ್ಯಗಳಲ್ಲಿ 100ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಮಕ್ಕಳು ಬಹಳ. ಟಲ್ಸಾದ ಒಬ್ಬ ತಾಯಿ ತನ್ನ ಮಗಳು ಹೇಗೆ ನರಳಿ ಹೋದಳು ಎಂದು ಅಧ್ಯಕ್ಷರಿಗೇ ಪತ್ರ ಬರೆದಳು.

ಎಫ್‌ಡಿಎ ತನ್ನ ಹೆಚ್ಚುಕಡಿಮೆ ಎಲ್ಲ ಇನ್‌ಸ್ಪೆಕ್ಟರ್‌ಗಳನ್ನೂ ರಸ್ತೆಗೆ ಇಳಿಸಿತು. ಅಂಗಡಿಯ ಬಿಲ್ಲು, ಡಾಕ್ಟರ ಚೀಟಿ ಹಿಡಿದು ಮನೆ ಮನೆ ತಿರುಗಿ ಬಾಟಲಿ ಹುಡುಕಿದರು. ತಯಾರಾದ 240 ಗ್ಯಾಲನ್‌ನಲ್ಲಿ 234 ಗ್ಯಾಲನ್‌ಗೂ ಸ್ವಲ್ಪ ಹೆಚ್ಚು ವಾಪಸ್ ಸಿಕ್ಕಿತು. ಉಳಿದ ಅಷ್ಟರಲ್ಲೇ ಇಷ್ಟು ಜನ ಸತ್ತಿದ್ದು.

ಈಗ ಕಾನೂನಿನ ವಿಷಯಕ್ಕೆ ಬನ್ನಿ. ವಿಷ ಮಾರಿದ್ದಕ್ಕೆ ಕೇಸು ಹಾಕಲು ದಾರಿ ಇರಲಿಲ್ಲ. ಲೇಬಲ್ ಮೇಲೆ "ಎಲಿಕ್ಸಿರ್" ಎಂದು ಬರೆದಿದ್ದರು. ಎಲಿಕ್ಸಿರ್ ಅಂದರೆ ಮದ್ಯಸಾರ ಇರುವ ಔಷಧಿ ಎಂದು ಅರ್ಥ. ಇದರಲ್ಲಿ ಮದ್ಯಸಾರ ಇರಲಿಲ್ಲ, ಹಾಗಾಗಿ ಲೇಬಲ್ ತಪ್ಪು. ಸರ್ಕಾರದ ಕೈಗೆ ಸಿಕ್ಕ ಹಿಡಿ ಇದೊಂದೇ. "ದ್ರಾವಣ" ಎಂದು ಬರೆದಿದ್ದರೆ ಆ ಬಾಟಲಿಗಳನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಇರುತ್ತಿರಲಿಲ್ಲ! ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1938ರಲ್ಲಿ ಏನು ಬದಲಾಯಿತು?

ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿದ್ದ ಮಸೂದೆ ಈಗ ಹೊರಟಿತು. ಹೊಸ ಔಷಧಿ ಮಾರುವ ಮೊದಲು ಅದು ಸುರಕ್ಷಿತ ಎಂಬ ದಾಖಲೆಯನ್ನು ಸರ್ಕಾರಕ್ಕೆ ಕೊಡಬೇಕು ಎಂಬ ಮಾತು ಸೇರಿತು. ಸೌಂದರ್ಯವರ್ಧಕಗಳು, ವೈದ್ಯಕೀಯ ಉಪಕರಣಗಳು ಕಾನೂನಿನೊಳಗೆ ಬಂದವು. ಕಾರ್ಖಾನೆ ತಪಾಸಣೆಗೆ ಅಧಿಕಾರ ಸಿಕ್ಕಿತು. ಸುಳ್ಳು ಗುಣಗಳನ್ನು ಲೇಬಲ್ ಮೇಲೆ ಬರೆದರೆ, ಮೋಸದ ಉದ್ದೇಶ ಇತ್ತು ಅಂತ ಸಾಬೀತು ಮಾಡುವ ಗೋಜು ಹೋಯಿತು. ಜಾಹೀರಾತಿನ ಉಸ್ತುವಾರಿ ಮಾತ್ರ ಎಫ್‌ಡಿಎಗೆ ಸಿಗದೆ ವ್ಯಾಪಾರ ಆಯೋಗಕ್ಕೆ ಹೋಯಿತು.

ಕೊರತೆಗಳೂ ಇದ್ದವು. 60 ದಿನದೊಳಗೆ ಸರ್ಕಾರ ಬೇಡ ಅನ್ನದಿದ್ದರೆ ಸಾಮಾನ್ಯವಾಗಿ ಔಷಧಿ ತಾನಾಗೇ ಮಾರುಕಟ್ಟೆಗೆ ಬರಬಹುದಿತ್ತು. ಔಷಧಿ ನಿಜಕ್ಕೂ ಕೆಲಸ ಮಾಡುತ್ತದೆ ಎಂದು ತೋರಿಸಬೇಕಾದ ನಿಯಮ ಬಂದಿದ್ದು 1962ರಲ್ಲಿ, ಗರ್ಭಿಣಿಯರು ನುಂಗಿದ ಥ್ಯಾಲಿಡೊಮೈಡ್ ಎಂಬ ಔಷಧಿಯಿಂದ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ನಂತರ.

ಇನ್ನೊಂದು ಸ್ವಾರಸ್ಯ ಇದೆ. ಹೋಮಿಯೋಪತಿಯ ಔಷಧ ಸಂಹಿತೆಯನ್ನೂ, ಅಂದರೆ ಯಾವ ಔಷಧಿ ಹೇಗಿರಬೇಕು ಎಂದು ಹೇಳುವ ಪುಸ್ತಕವನ್ನೂ, ಈ ಕಾನೂನು ಅಧಿಕೃತ ಎಂದು ಒಪ್ಪಿತು. ಕೋಪ್‌ಲ್ಯಾಂಡ್ ಹೋಮಿಯೋಪತಿ ಡಾಕ್ಟರ್ ಆಗಿರದಿದ್ದರೆ ಆ ಸಾಲು ಅಲ್ಲಿ ಇರುತ್ತಿತ್ತು ಅನ್ನಿಸುವುದಿಲ್ಲ.

1938ರ ಜೂನ್ 17ರಂದು ಕೋಪ್‌ಲ್ಯಾಂಡ್ ವಾಷಿಂಗ್ಟನ್‌ನಲ್ಲಿ ತೀರಿಕೊಂಡರು. ಜೂನ್ 25ರಂದು ರೂಸ್‌ವೆಲ್ಟ್ ಕಾನೂನಿಗೆ ಸಹಿ ಹಾಕಿದರು. ಮಧ್ಯೆ ಎಂಟೇ ದಿನ.

ನಮ್ಮಲ್ಲಿ ಔಷಧ ಕಾಯ್ದೆ ಬಂದಿದ್ದು 1940ರಲ್ಲಿ. ಅದು ಅಮೆರಿಕದ ನಕಲು ಅಲ್ಲ, ಅದರ ಬೇರು 1930-31ರ ಚೋಪ್ರಾ ಸಮಿತಿಯ ವರದಿಯಲ್ಲಿದೆ. ಹಾಗಾದರೆ ಕಾನೂನು ಇದ್ದೂ ಈಗ ಯಾಕೆ ಹೀಗಾಗುತ್ತದೆ ಅಂತ ಕೇಳಬಹುದು. 1937ರಲ್ಲಿ ಆ ದ್ರವವನ್ನು ಗೊತ್ತಿದ್ದೇ ಹಾಕಿದ್ದರು, ಅದು ವಿಷ ಅಂತ ನೋಡಿರಲಿಲ್ಲ. ಈಗಿನ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಎಂಬ ಕಚ್ಚಾ ಮಾಲಿನಲ್ಲಿ ಈ ವಿಷ ಬೆರೆತು ಬರುತ್ತದೆ, ಕಾರ್ಖಾನೆ ಅದನ್ನು ಪರೀಕ್ಷಿಸದೆ ಬಳಸುತ್ತದೆ. ಅಂದರೆ ಆಗ ನಿಯಮವೇ ಇರಲಿಲ್ಲ, ಈಗ ಇರುವ ನಿಯಮವನ್ನು ಪಾಲಿಸುತ್ತಿಲ್ಲ.

ಭಾರತೀಯರಿಗಾಗಿ ತಂದ ಒಂದು ಮಸೂದೆ

ಕೋಪ್‌ಲ್ಯಾಂಡ್ ಹೆಸರು ನಮ್ಮವರ ಇತಿಹಾಸದಲ್ಲೂ ಬರುತ್ತದೆ. ಆಗ ಅಮೆರಿಕದಲ್ಲಿ ವಲಸಿಗರು ಪೌರರಾಗಬೇಕಾದರೆ "ಬಿಳಿಯ"ರಾಗಿರಬೇಕು ಅಥವಾ ಆಫ್ರಿಕಾ ಮೂಲದವರಾಗಿರಬೇಕು. 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಸಾಮಾನ್ಯ ಜನರ ತಿಳಿವಳಿಕೆಯ ಪ್ರಕಾರ ಬಿಳಿಯರಲ್ಲ ಎಂದಿತು. ಥಿಂಡ್ ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡಿದ್ದವರು. ಆಮೇಲೆ ಆಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಸರ್ಕಾರ ಕಿತ್ತುಕೊಳ್ಳತೊಡಗಿತು.

1926ರಲ್ಲಿ ಕೋಪ್‌ಲ್ಯಾಂಡ್, ಪೌರತ್ವದ ವಿಷಯದಲ್ಲಿ ಭಾರತೀಯರನ್ನು ಬಿಳಿಯರ ಸಾಲಿಗೆ ಸೇರಿಸುವ ಮಸೂದೆ ತಂದರು. ಅದು ಪಾಸಾಗಲಿಲ್ಲ. ಸಖಾರಾಂ ಗಣೇಶ ಪಂಡಿತ್ ಎಂಬ ವಕೀಲರು ತಮ್ಮ ಕೇಸನ್ನು ತಾವೇ ವಾದಿಸಿ 1927ರಲ್ಲಿ ಪೌರತ್ವ ಉಳಿಸಿಕೊಂಡ ಮೇಲೆ ಆ ಕಿತ್ತುಕೊಳ್ಳುವ ಕೆಲಸ ನಿಂತಿತು. ಭಾರತೀಯರು ಅಲ್ಲಿ ಪೌರರಾಗುವ ದಾರಿ ತೆರೆದಿದ್ದು 1946ರಲ್ಲಿ.

ಸೆನೆಟರ್ ಕಾಗದ ಯಾರ ಆಸ್ತಿ?

ಅಧ್ಯಕ್ಷರ ಕಡತ ಸಾರ್ವಜನಿಕರ ಆಸ್ತಿ ಎಂದು 1978ರಲ್ಲಿ ಅಮೆರಿಕದಲ್ಲಿ ಕಾನೂನು ಆಯಿತು. ಆದರೆ ಸೆನೆಟರ್ ಒಬ್ಬರ ಆಫೀಸಿನ ಕಾಗದ ಇವತ್ತಿಗೂ ಅವರ ಸ್ವಂತ ಆಸ್ತಿ. ಸುಟ್ಟುಹಾಕಬಹುದು, ಅಟ್ಟದ ಮೇಲೆ ಇಡಬಹುದು, ಲೈಬ್ರರಿಗೆ ಕೊಡಬಹುದು. ಹಿಂದೆ ಊರಿನ ದಫ್ತರ ಶಾನುಭೋಗರ ಮನೆಯಲ್ಲೇ ಇರುತ್ತಿತ್ತಲ್ಲ, ಆ ಮನೆಯವರು ಜೋಪಾನ ಮಾಡಿದರೆ ಉಂಟು, ಇಲ್ಲದಿದ್ದರೆ ಗೆದ್ದಲಿಗೆ. 2008ರಲ್ಲಿ ಕಾಂಗ್ರೆಸ್ ಒಂದು ನಿರ್ಣಯ ಮಾಡಿ, ದಯವಿಟ್ಟು ನಿಮ್ಮ ಕಾಗದಗಳನ್ನು ಉಳಿಸಿ ಎಂದು ಸದಸ್ಯರನ್ನು ಕೇಳಿಕೊಂಡಿತು. ಒತ್ತಾಯ ಇಲ್ಲ.

ಸಮಿತಿಗಳ ದಾಖಲೆ ಮಾತ್ರ ಬೇರೆ. ಅವು ಸರ್ಕಾರದ್ದು, ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗುತ್ತವೆ. ಸೆನೆಟ್‌ನ ಹೆಚ್ಚಿನ ದಾಖಲೆಗಳು 20 ವರ್ಷದ ನಂತರ ತೆರೆಯುತ್ತವೆ. ಹಾಗಾಗಿ ಒಂದೇ ಕಾನೂನಿನ ಕಥೆ ಎರಡು ಊರಲ್ಲಿ ಹಂಚಿಹೋಗಿರುತ್ತದೆ.

ಕೋಪ್‌ಲ್ಯಾಂಡ್ ನ್ಯೂಯಾರ್ಕ್‌ನ ಸೆನೆಟರ್, ಆದರೆ ಅವರ ಕಾಗದ ಸೇರಿದ್ದು ಆನ್ ಆರ್ಬರ್‌ನ ಬೆಂಟ್ಲಿ ಹಿಸ್ಟಾರಿಕಲ್ ಲೈಬ್ರರಿಗೆ. ಅವರು ಓದಿ, ಪಾಠ ಮಾಡಿ, ಮೇಯರ್ ಆಗಿದ್ದ ಊರು. ಮಿಷಿಗನ್ ವಿಶ್ವವಿದ್ಯಾಲಯ 1935ರಲ್ಲಿ ಶುರು ಮಾಡಿದ ಸಂಗ್ರಹವೇ ಈಗ ಆ ಲೈಬ್ರರಿ. ಪತ್ರಗಳು, ಭಾಷಣಗಳು, ಪತ್ರಿಕೆಯ ತುಣುಕು ಅಂಟಿಸಿದ ಪುಸ್ತಕಗಳು ಅಲ್ಲಿವೆ.

ಪೆಟ್ಟಿಗೆ ತೆರೆದು ಓದುವುದು ಹೇಗೆ?

ಪತ್ರಾಗಾರ ಮಾಮೂಲಿ ಲೈಬ್ರರಿಯಂತೆ ಅಲ್ಲ. ಲೈಬ್ರರಿಯಲ್ಲಿ ವಿಷಯದ ಪ್ರಕಾರ ಪುಸ್ತಕ ಜೋಡಿಸುತ್ತಾರೆ. ಇಲ್ಲಿ ಎರಡು ನಿಯಮ. ಒಬ್ಬರ ಕಾಗದವನ್ನು ಇನ್ನೊಬ್ಬರದರ ಜೊತೆ ಬೆರೆಸಬಾರದು. ಅವರು ಯಾವ ಕ್ರಮದಲ್ಲಿ ಇಟ್ಟಿದ್ದರೋ ಆದಷ್ಟು ಅದೇ ಕ್ರಮದಲ್ಲಿ ಇಡಬೇಕು. ಯಾವ ಪತ್ರದ ಹಿಂದೆ ಯಾವ ಪತ್ರ ಇತ್ತು ಅನ್ನುವುದೂ ಒಂದು ಸುಳಿವು. ಸಾವಿರಾರು ಹಾಳೆಗಳನ್ನು ಒಂದೊಂದಾಗಿ ಪಟ್ಟಿ ಮಾಡಲು ಆಗುವುದಿಲ್ಲ, ಹಾಗಾಗಿ ಅಳತೆ ಪುಟದ ಲೆಕ್ಕದಲ್ಲಿ ಅಲ್ಲ, ಕಪಾಟಿನ ಮೇಲೆ ಎಷ್ಟು ಅಡಿ ಉದ್ದ ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ. ಯಾವ ಪೆಟ್ಟಿಗೆಯಲ್ಲಿ ಯಾವ ಫೋಲ್ಡರ್ ಇದೆ ಎಂದು ಹೇಳುವ ಒಂದು ಮಾರ್ಗಸೂಚಿ ಇರುತ್ತದೆ, ಅದನ್ನು ಇಂಟರ್ನೆಟ್ಟಿನಲ್ಲಿ ಬೆಂಗಳೂರಿನಿಂದಲೂ ಸುಮ್ನೆ ಕೂತು ಓದಬಹುದು.

ಕಾನೂನಿನ ಪುಸ್ತಕದಲ್ಲಿ ಸಿಗುವುದು ಕೊನೆಯ ಸಾಲು ಮಾತ್ರ. ಆ ಸಾಲು ಮೊದಲು ಹೇಗಿತ್ತು, ಯಾರ ಪತ್ರ ಬಂದ ಮೇಲೆ ಬದಲಾಯಿತು, ಯಾರಿಗೆ ಏನು ಉತ್ತರ ಹೋಯಿತು ಎಂದು ತಿಳಿಯಬೇಕಾದರೆ ಇಂಥ ಪೆಟ್ಟಿಗೆಗಳೇ ಗತಿ. ಕೋಪ್‌ಲ್ಯಾಂಡ್ ಕಂಪನಿಗಳಿಗೆ ಬಾಗಿದರೋ, ಅಥವಾ ಬಾಗದಿದ್ದರೆ ಮಸೂದೆ ಸತ್ತೇ ಹೋಗುತ್ತದೆ ಎಂದು ಲೆಕ್ಕ ಹಾಕಿದರೋ ಎಂಬ ಹಳೆ ವಾದಕ್ಕೆ ಉತ್ತರ ಹುಡುಕುವವರು ಹೋಗಬೇಕಾದದ್ದು ಅಲ್ಲಿಗೇ.

ಡೆಟ್ರಾಯಿಟ್ ಸುತ್ತಮುತ್ತ ಕನ್ನಡಿಗರು ಬಹಳ ಜನ ಇದ್ದೀರಿ, ಆನ್ ಆರ್ಬರ್ ನಿಮಗೆ ಸುಮಾರು ಒಂದು ಗಂಟೆಯ ದಾರಿ. ಬೆಂಟ್ಲಿ ಲೈಬ್ರರಿಗೆ ಯಾರು ಬೇಕಾದರೂ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಬೇಕಾದ ಪೆಟ್ಟಿಗೆಯನ್ನು ಮೊದಲೇ ಹೇಳಿಟ್ಟಿರಿ. ಇಂಥ ಕಡೆ ಶಾಯಿ ಪೆನ್ ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ. 1937ರ ಅಕ್ಟೋಬರ್‌ನಿಂದ 1938ರ ಜೂನ್‌ವರೆಗಿನ ಕಾಗದಗಳಿಂದ ಶುರು ಮಾಡಿ.